ಹಿಡೀರಿ, ಬಿಡಬ್ಯಾಡ್ರಿ!

ಗಂಗಾವತಿಯ ನಮ್ಮ ಕಾಕಾನ ಪಿಕಪ್ಪಿಗೆ ಮೂರು ನಮೂನೆ ಹಾರ್ನ್, ಡ್ಯಾಶ್‌ಬೋರ್ಡ್ ಮೇಲೆ ಅಂಜನಾದ್ರಿ ಹನುಮಪ್ಪ, ಬಂಪರಿಗೆ ಅಮಾವಾಸ್ಯೆಗೊಮ್ಮೆ ಹೊಸ ನಿಂಬೆಹಣ್ಣು. ಬ್ರೇಕ್ ಆಯಿಲ್ ಮಾತ್ರ ಗಾಡಿ ಜೊತೆ ಬಂದದ್ದೇ. ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸು ಅಂದರೆ, "ಸೋರಿಲ್ಲ, ಸುಟ್ಟಿಲ್ಲ, ಚಲೋ ಆಯಿಲ್ ಯಾಕ ಚೆಲ್ಲಬೇಕಲೇ?" ಅಂತ ನನ್ನನ್ನೇ ಗದರುತ್ತಾನೆ.

ಆ ಆಯಿಲ್ ಗಾಳಿಯೊಳಗಿನ ತೇವ ಹೀರುತ್ತಲೇ ಇರುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕುದಿಯಲು 230 ಡಿಗ್ರಿಯಾದರೂ ಬೇಕು. ನೀರು ಕುಡಿದದ್ದು 155ರ ಆಸುಪಾಸಿನಲ್ಲೇ ಕುದಿಯಬಹುದು. ಕುದ್ದರೆ ಗುಳ್ಳೆ, ಗುಳ್ಳೆ ಎದ್ದರೆ ಪೆಡಲ್ ಪಾತಾಳಕ್ಕೆ. ಕಾಕಾನಿಗೆ ಹೇಳಿದೆ. "ನಮ್ಮ ಬಿಸಲಿಗಿಂತ ಹೆಚ್ಚೇನು?" ಅಂದ.

ಮೊನ್ನೆ ಪೆಡಲ್ ಒಳಗಿಳಿಯತೊಡಗಿತು. "ಎರಡು ಸಲ ತುಳಿದ್ರ ಹಿಡಿತೈತಿ, ಮತ್ತೇನು ಬೇಕು?" ಕಾಕಿ ಗಾಡಿ ಹತ್ತಲು ಒಪ್ಪದಿದ್ದಾಗಲೇ ಗ್ಯಾರೇಜ್ ಕಂಡದ್ದು. ಮಿಸ್ತ್ರಿ ಹಿಂದಿನ ಡ್ರಮ್ ಬಿಚ್ಚಿದರೆ, ಬ್ರೇಕ್ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಹರಿದು ಬ್ರೇಕ್ ಲೈನರ್ ಎಲ್ಲ ಆಯಿಲ್‌ಮಯ. ಸೋರಿಲ್ಲ ಎಂದವನು ಆಕಾಶ ನೋಡಿದ. ಚೌಕಾಸಿ ಮಾತ್ರ ಬಿಡಲಿಲ್ಲ.

"ಈ ಕಡೀದು ಒಂದ ಹಾಕು."

"ಒಂದ ಕಡೆ ಹೊಸಾದು ಹಾಕಿದ್ರ ಹಿಡಿತ ಸಮ ಬರಂಗಿಲ್ರಿ, ಗಾಡಿ ಎಳಿತೈತಿ."

ಆಮೇಲೆ ಬ್ರೇಕ್ ಪೈಪಿನೊಳಗೆ ಸೇರಿದ ಏರ್ ತೆಗೆಯುವ ಕೆಲಸ. ಸೀಟಿನಲ್ಲಿ ಕಾಕಾ, ಗಾಲಿ ಹತ್ತಿರ ಮಿಸ್ತ್ರಿ, ಕೈಯಲ್ಲಿ ಪೈಪು ಸಿಕ್ಕಿಸಿದ ಬಾಟಲಿ. ನಾಲ್ಕು ಸಲ ತುಳಿದು ಒತ್ತಿ ಹಿಡಿಯಬೇಕು. ಮಿಸ್ತ್ರಿ ನಿಪ್ಪಲ್ ಸಡಿಲಿಸಿದಾಗ ಆಯಿಲ್ ಜೊತೆ ಗುಳ್ಳೆ ಬರುತ್ತವೆ. ಬಿಗಿ ಮಾಡಿದ ಮೇಲಷ್ಟೇ ಕಾಲು ಬಿಡಬೇಕು. ಮೊದಲೇ ಬಿಟ್ಟರೆ ಹೋದ ಗಾಳಿ ವಾಪಸ್.

"ಹಿಡೀರಿ!" ಅಂದ ಮಿಸ್ತ್ರಿ. ಅಷ್ಟರಲ್ಲಿ ಭತ್ತದ ದಲಾಲಿ ಫೋನು. ಒಂದಿಷ್ಟು ಜಗ್ಗಾಡಿ, "ಆತು ಬಿಡಪ, ಚೀಲಕ್ಕ ಐವತ್ತು ಬಿಟ್ಟೆ" ಅಂದ ಕಾಕಾ, ದರದ ಜೊತೆ ಕಾಲನ್ನೂ ಬಿಟ್ಟ. ಕೆಳಗಿನಿಂದ ದನಿ ಬಂತು: "ಯಜಮಾನ್ರ, ಯಾರಿಗೆ ಬಿಟ್ರಿ?"

ಮತ್ತೆ ಮೊದಲಿನಿಂದ ಶುರು. ಈ ಸಲ ಮಿಸ್ತ್ರಿ ಫೋನು ಕಸಿದು ತನ್ನ ಜೇಬಿಗಿಟ್ಟುಕೊಂಡ. ಅದು ಮತ್ತೆ ಬಡಿದುಕೊಂಡಿತು. ಎಣ್ಣೆಗೈಯಲ್ಲೇ ಎತ್ತಿ, "ಅವ್ರು ಗಟ್ಟಿ ಹಿಡಕೊಂಡು ಕುಂತಾರ್ರಿ, ನಾ ಹೇಳೂತನಕ ಬಿಡಂಗಿಲ್ಲ" ಅಂತ ಇಟ್ಟುಬಿಟ್ಟ.

ಹತ್ತು ನಿಮಿಷಕ್ಕೆ ದಲಾಲಿಯೇ ಮತ್ತೆ ಫೋನು ಮಾಡಿ, ಬಿಟ್ಟ ಐವತ್ತರಲ್ಲಿ ಮೂವತ್ತು ವಾಪಸ್ ಕೊಡಲು ಒಪ್ಪಿದ. ಕಾಕಾ ಮಿಸ್ತ್ರಿಯ ಕಡೆ ತಿರುಗಿ, "ಮುಂದಿನ ಗಾಲಿದೂ ಏರ್ ತೆಗಿಯೂದೈತಲ್ಲ? ಫೋನು ನಿನ್ನ ಹಂತ್ಯಾಕ ಇರ್ಲಿ" ಅಂದ.