ಸ್ಪಷ್ಟನೆ: ಹಡಗು, ಅಲೆ ಬಗ್ಗೆ ನಾನು ಹಾಕಿದ್ದ ಮೆಸೇಜ್ ತಪ್ಪು

ಕಳೆದ ವಾರ ನಮ್ಮ ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಹಾಕಿದ್ದೆ. 'ಅಲೆ 10 ಸೆಕೆಂಡಿಗೊಂದು ಬರುತ್ತಿದ್ದರೆ, ಹಡಗು ನಿಂತಿರಲಿ ಓಡುತ್ತಿರಲಿ, 10 ಸೆಕೆಂಡಿಗೊಮ್ಮೆಯೇ ಕುಲುಕುತ್ತದೆ. ನಿಂತ ಹಡಗಿನ ಲೆಕ್ಕವೇ ಸಾಕು' ಅಂತ. ಅದೀಗ ಬೆಂಗಳೂರಿನ ನಾಲ್ಕಾರು ಗುಂಪು ಸುತ್ತಿ ನನಗೇ ವಾಪಸ್ ಬಂದಿದೆ. ಅದು ತಪ್ಪು.

ಸಂಜೆ ಮೆಜೆಸ್ಟಿಕ್‌ನಲ್ಲಿ ಜನರಿಗೆ ಎದುರಾಗಿ ನಡೆದು ನೋಡಿ. ಸುಮ್ನೆ ನಿಂತಿದ್ದಾಗ ತಗಲುವುದಕ್ಕಿಂತ ಜಾಸ್ತಿ ಭುಜ ತಗಲುತ್ತವೆ. ಅವರ ಜೊತೆಗೇ ನಡೆದರೆ ಕಡಿಮೆ, ಅಲ್ವಾ? ಅಲೆಯೂ ಹಾಗೇ. ಆಳ ಸಮುದ್ರದಲ್ಲಿ 10 ಸೆಕೆಂಡಿನ ಅಲೆಯ ಉದ್ದ ಸುಮಾರು 156 ಮೀಟರ್, ವೇಗ ಸೆಕೆಂಡಿಗೆ 15.6 ಮೀಟರ್. ಹಡಗು 15 ನಾಟ್, ಅಂದರೆ ಸೆಕೆಂಡಿಗೆ 7.7 ಮೀಟರ್ ವೇಗದಲ್ಲಿ ಎದುರು ಹೋದರೆ 6.7 ಸೆಕೆಂಡಿಗೊಂದು ಅಲೆ ಸಿಗುತ್ತದೆ. ಅಲೆಯ ಜೊತೆ ಹೋದರೆ ಸುಮಾರು 20 ಸೆಕೆಂಡಿಗೊಂದು. 156ನ್ನು ಎರಡು ವೇಗಗಳ ಮೊತ್ತದಿಂದ, ಇಲ್ಲವೇ ವ್ಯತ್ಯಾಸದಿಂದ ಭಾಗಿಸಿ ನೋಡಿ, ಗೊತ್ತಾಗುತ್ತದೆ.

ವೇಗದ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಹಡಗು ಎಷ್ಟು ಕುಲುಕುತ್ತದೆ ಅಂತ ಲೆಕ್ಕ ಹಾಕಲು, ಅದನ್ನು ಬ್ರೆಡ್‌ನಂತೆ ಅಡ್ಡಡ್ಡ ಹೋಳು ಮಾಡಿದ ಹಾಗೆ ಭಾವಿಸಿ, ಒಂದೊಂದರ ಮೇಲಿನ ಬಲ ಕೂಡಿಸುವ ವಿಧಾನವೇ ಸ್ಟ್ರಿಪ್ ಥಿಯರಿ. ಇದಕ್ಕೆ ಸಾಲ್ವೆಸೆನ್, ಟಕ್, ಫಾಲ್ಟಿನ್ಸನ್ ಎಂಬ ಸಂಶೋಧಕರು 1970ರಲ್ಲಿ ಕೊಟ್ಟ ಸಮೀಕರಣಗಳಲ್ಲಿ, ಎಷ್ಟು ಸೆಕೆಂಡಿಗೊಂದು ಅಲೆ ಎಂಬುದರಲ್ಲಷ್ಟೇ ಅಲ್ಲದೆ, ಹಡಗಿನ ವೇಗ ಬೇರೆಯಾಗಿಯೂ ಬರುತ್ತದೆ. ಪಕ್ಕಕ್ಕೆ ಹೊರಳುವ ಲೆಕ್ಕಕ್ಕಂತೂ ನೀರಿನ ಸ್ನಿಗ್ಧತೆಯ (ಅಂಟುತನದ) ತಡೆಯನ್ನೂ ಸೇರಿಸಬೇಕು. ಇಲ್ಲದಿದ್ದರೆ ಕಂಪ್ಯೂಟರ್ ಲೆಕ್ಕ ನಿಜಕ್ಕಿಂತ ಜಾಸ್ತಿ ಹೊರಳಾಟ ತೋರಿಸುತ್ತದೆ.

ದಯವಿಟ್ಟು ಹಳೆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಇದನ್ನೂ ಅಲ್ಲಿಗೇ ಹಾಕಿಬಿಡಿ.