ಚಿತ್ರದ ಕೆಳಗೆ ‘ಮೃಗಾಲಯ’ ಎಂದು ಬರೆಯೋಣ

ಮೃಗಾಲಯದಲ್ಲಿ ತೆಗೆದ ಹುಲಿಯ ಚಿತ್ರವನ್ನು ಹಾಕಿ, ಎಲ್ಲಿ ತೆಗೆದದ್ದು ಎಂಬುದನ್ನು ಮಾತ್ರ ನುಂಗಿಕೊಳ್ಳುವ ಹವ್ಯಾಸಿ ಛಾಯಾಗ್ರಾಹಕರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಮೃಗಾಲಯದಲ್ಲಿ ಕ್ಯಾಮೆರಾ ಹಿಡಿಯುವುದು ನಾಚಿಕೆಯ ಕೆಲಸವೇ ಅಲ್ಲ. ನಾನು ಈ ವಿದ್ಯೆಯನ್ನು ಕಲಿಯುತ್ತಿರುವುದೇ ಅಲ್ಲಿ.

ನಾನಿರುವುದು ಅಮೆರಿಕದ ಮಿನ್ನೆಸೋಟಾದಲ್ಲಿ. ಇಲ್ಲಿನ ಸೇಂಟ್ ಪಾಲ್ ನಗರದ ಕೋಮೋ ಪಾರ್ಕಿನಲ್ಲಿ ಮೃಗಾಲಯವಿದೆ, ಅದಕ್ಕೆ ಒತ್ತಿಕೊಂಡೇ 1915ರಲ್ಲಿ ತೆರೆದ ಗಾಜಿನ ಸಸ್ಯಾಗಾರವಿದೆ. ಟಿಕೆಟ್ ಇಲ್ಲ, ಮನಸ್ಸಿಗೆ ಬಂದಷ್ಟು ಕಾಣಿಕೆ ಹಾಕಿ ಒಳಗೆ ಹೋಗಬಹುದು. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. ಸಫಾರಿಗೆ ಹಣ ಕೊಟ್ಟು ಹೋದವರಿಗೆ ಒಂದಾದರೂ ಒಳ್ಳೆಯ ಚಿತ್ರ ಸಿಗಲೇಬೇಕೆಂಬ ಒತ್ತಡವಿರುತ್ತದೆ. ಇಲ್ಲಿ ಅದಿಲ್ಲ. ಇಡೀ ಮಧ್ಯಾಹ್ನ ಒಂದೇ ಎಲೆಯ ಮುಂದೆ ಕಳೆದರೂ ಕೇಳುವವರಿಲ್ಲ.

ಚಳಿಗಾಲದಲ್ಲಂತೂ ಸಸ್ಯಾಗಾರವೇ ಮೊದಲ ಪಾಠ ಕಲಿಸುತ್ತದೆ. ಹೊರಗೆ ಶೂನ್ಯಕ್ಕಿಂತ ಹದಿನೈದು ಡಿಗ್ರಿ ಕೆಳಗೆ, ಒಳಗೆ ತಾಳೆ ಮತ್ತು ಜರಿಗಿಡಗಳಿಗೆ ಬೇಕಾದ ಬೆಚ್ಚನೆಯ ತೇವ. ತಣ್ಣಗಾದ ಲೆನ್ಸಿಗೆ ಆ ಗಾಳಿ ತಗುಲಿದ ಕೂಡಲೇ ತೇವವೆಲ್ಲ ಹನಿಗಟ್ಟಿ ಗಾಜು ಮಂಜಾಗುತ್ತದೆ. ಒರೆಸಿದರೆ ಪ್ರಯೋಜನವಿಲ್ಲ, ಮತ್ತೆ ಕಟ್ಟುತ್ತದೆ. ಕ್ಯಾಮೆರಾವನ್ನು ಮುಚ್ಚಿದ ಚೀಲದಲ್ಲೇ ಬಿಟ್ಟು, ಅದು ನಿಧಾನವಾಗಿ ಬೆಚ್ಚಗಾಗುವ ತನಕ ಅರ್ಧ ಗಂಟೆ ಕಾಯಬೇಕು. ಆ ಅರ್ಧ ಗಂಟೆ ನನಗೆ ತುಂಬಾ ಇಷ್ಟ. ಕೈ ಖಾಲಿಯಿದ್ದಾಗ ಕಣ್ಣು ಚುರುಕಾಗುತ್ತದೆ. ಬೆಳಕು ಯಾವ ಕಡೆಯಿಂದ ಇಳಿಯುತ್ತಿದೆ, ಯಾವ ಎಲೆಯ ಹಿಂದೆ ಕತ್ತಲಿದೆ ಎಂಬುದೆಲ್ಲ ಆಗಲೇ ಕಾಣುವುದು.

ಬಾಳೆ ಎಲೆಯನ್ನೇ ನೋಡಿ. ಊಟಕ್ಕೆ ಹಾಸಿದ ಎಲೆಯನ್ನು ನಾವೆಲ್ಲ ಬಲ್ಲೆವು. ಅದೇ ಎಲೆ ತಲೆಯ ಮೇಲಿದ್ದು, ಗಾಜಿನ ಛಾವಣಿಯ ಬೆಳಕು ಹಿಂದಿನಿಂದ ಬಿದ್ದಾಗ ಒಂದೊಂದು ನರವೂ ಎದ್ದು ಕಾಣುತ್ತದೆ. ಆದರೆ ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಅದು ಛಾವಣಿಯ ಹೊಳಪಿಗೆ ಲೆಕ್ಕ ಹಾಕಿ ಎಲೆಯನ್ನು ಕಪ್ಪಾಗಿಸುತ್ತದೆ. ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಒಂದು ಸ್ಟಾಪ್ (ಎರಡರಷ್ಟು) ಏರಿಸಿ, ಆಮೇಲೆ ಇನ್ನೂ ಸ್ವಲ್ಪ ಏರಿಸಿ ನೋಡಿ. ಪುಸ್ತಕದಲ್ಲಿ ಎಷ್ಟು ಓದಿದರೂ ತಲೆಗೆ ಹೋಗದ ವಿಷಯ ಅಲ್ಲಿ ಕಣ್ಣೆದುರೇ ಬಿಡಿಸಿಕೊಳ್ಳುತ್ತದೆ.

ಪ್ರಾಣಿಗಳ ಬಳಿ ತೊಡಕುಗಳು ಬೇರೆ. ಗಾಜಿನಾಚೆಗಿನ ಒರಾಂಗುಟಾನ್ ಬೇಕೆಂದರೆ ಲೆನ್ಸಿನ ಬಾಯಿಗೆ ಹಾಕುವ ರಬ್ಬರ್ ಹುಡ್ ಅನ್ನು ಗಾಜಿಗೆ ಮೆಲ್ಲಗೆ ತಾಗಿಸಬೇಕು, ಕಪ್ಪು ಬಟ್ಟೆ ಹಾಕಿಕೊಂಡು ಹೋಗಬೇಕು. ಇಲ್ಲದಿದ್ದರೆ ಚಿತ್ರದಲ್ಲಿ ನಮ್ಮದೇ ಅಂಗಿ ತೇಲುತ್ತದೆ. ಜಾಲರಿಗೆ ಲೆನ್ಸನ್ನು ಹತ್ತಿರ ತಂದು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದರೆ, ಪ್ರಾಣಿ ಜಾಲರಿಯಿಂದ ದೂರದಲ್ಲಿದ್ದಾಗ, ಚಿತ್ರದಲ್ಲಿ ತಂತಿ ಕರಗಿಯೇ ಹೋಗುತ್ತದೆ. ಫ್ಲ್ಯಾಶ್ ಬೇಡವೇ ಬೇಡ.

ತಂತಿ ಹೀಗೆ ಕರಗುವುದರಲ್ಲೇ ಅಪಾಯವಿದೆ. ಕೋಮೋದಲ್ಲಿ ಅಮೂರ್ ಹುಲಿಗಳಿವೆ. ರಷ್ಯಾದ ದೂರಪೂರ್ವದ ಹಿಮದಲ್ಲಿ ಬಾಳುವ ಜಾತಿ ಅದು, ಹಿಮಕ್ಕೆ ಮಿನ್ನೆಸೋಟಾದಲ್ಲೂ ಕೊರತೆಯಿಲ್ಲ. ಚಿತ್ರದ ಅಂಚಿನ ಬೇಲಿಯನ್ನು ಕತ್ತರಿಸಿ ಹಾಕಿದರೆ ಅದು ರಷ್ಯಾದ ಕಾಡಿನದ್ದೇ ಎನ್ನಬೇಕು. 2009ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವರ್ಷದ ವನ್ಯಜೀವಿ ಛಾಯಾಗ್ರಾಹಕ ಸ್ಪರ್ಧೆಯಲ್ಲಿ, ಗೇಟು ಹಾರುತ್ತಿರುವ ತೋಳದ ಚಿತ್ರಕ್ಕೆ ಅತಿ ದೊಡ್ಡ ಬಹುಮಾನ ಬಂದಿತ್ತು. ಅದು ಸಾಕಿದ ತೋಳವಾಗಿರುವ ಸಾಧ್ಯತೆಯೇ ಹೆಚ್ಚು ಎಂದು ತೀರ್ಪುಗಾರರು 2010ರ ಜನವರಿಯಲ್ಲಿ ಬಹುಮಾನ ಹಿಂತೆಗೆದುಕೊಂಡರು. ಛಾಯಾಗ್ರಾಹಕರು ಆರೋಪವನ್ನು ಅಲ್ಲಗಳೆದರು. ಚಿತ್ರದ ಸೊಗಸಿನ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಕೇಳಿದ್ದು ಆ ಪ್ರಾಣಿ ಸ್ವತಂತ್ರವಾಗಿತ್ತೇ ಎಂಬುದನ್ನು. ಆ ಪ್ರಶ್ನೆ ನ್ಯಾಯವಾದದ್ದು ಎಂದೇ ನಾನು ನಂಬುತ್ತೇನೆ. ಕಾಡಿನಲ್ಲಿ ವಾರಗಟ್ಟಲೆ ಕಾದು ಬರಿಗೈಯಲ್ಲಿ ಮರಳುವವರ ದುಡಿಮೆಗೆ ನಾವು ಕೊಡಬೇಕಾದ ಗೌರವ ಅದು.

ಎಲ್ಲಿ ತೆಗೆದದ್ದೆಂದು ಹೇಳುವುದರಲ್ಲಿ ಪ್ರಾಣಿಗೂ ನ್ಯಾಯವಿದೆ. ಬೇಲಿಯ ಉದ್ದಕ್ಕೂ ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಅಡ್ಡಾಡುವ ಹುಲಿಯನ್ನು ನೀವೂ ನೋಡಿರುತ್ತೀರಿ. ಬಂಧನದಲ್ಲಿರುವ ಪ್ರಾಣಿಗಳಲ್ಲಿ ಕಾಣುವ ಈ ನಡವಳಿಕೆಯನ್ನು ತಜ್ಞರು ಕಳವಳದ ಲಕ್ಷಣವೆಂದು ಗುರುತಿಸುತ್ತಾರೆ. ಅದರ ಒಂದು ಹೆಜ್ಜೆಯನ್ನಷ್ಟೇ ಹಿಡಿದು ‘ಕಾಡಿನ ರಾಜಗಾಂಭೀರ್ಯ’ ಎಂದು ಬರೆಯಲು ನನ್ನಿಂದಾಗದು. ಈಗ ಬೇಲಿ, ಸಿಮೆಂಟಿನ ಬಂಡೆ, ಆಚೆ ನಿಂತ ಮಕ್ಕಳು ಎಲ್ಲವೂ ಬರುವಂತೆ ಬೇಕೆಂದೇ ತೆಗೆಯುತ್ತೇನೆ. ಅವುಗಳಲ್ಲಿ ಕೆಲವು, ಬರಿಯ ಮುಖದ ಚಿತ್ರಗಳಿಗಿಂತ ಹೆಚ್ಚು ಹೊತ್ತು ನೋಡಿಸಿಕೊಳ್ಳುತ್ತವೆ.

ಮೈಸೂರಿನ ಗೆಳೆಯರಿಗೆ ಹೇಳುತ್ತೇನೆ: 1892ರಷ್ಟು ಹಳೆಯ ಮೃಗಾಲಯ ನಿಮ್ಮ ಊರಿನಲ್ಲೇ ಇದೆ. ಜನ ಕಡಿಮೆಯಿರುವ ದಿನ ಹೋಗಿ, ಎಲ್ಲವನ್ನೂ ಸುತ್ತದೆ ಒಂದೇ ಆವರಣದ ಮುಂದೆ ನಿಲ್ಲಿ. ಚಿತ್ರ ಹಾಕುವಾಗ ಜಾಗದ ಹೆಸರನ್ನು ಮೊದಲ ಸಾಲಿನಲ್ಲೇ ಬರೆಯಿರಿ.