ಟೆಸ್ಟರ್ ಮಾವ ಮತ್ತು 12 ವೋಲ್ಟು

ಗೊಂಬೆಮನೆಯ ಚಾವಣಿಗೆ ಫೆವಿಕಾಲ್ ಬಳಿದು, ಮೇಲೆ ನಾಲ್ಕು ದಪ್ಪ ಪುಸ್ತಕ ಹೇರಿ, ಅದು ಒಣಗುವ ತನಕ ಒಳಗಿನ ಅಷ್ಟೂ ದೀಪ ಚೆನ್ನಾಗಿಯೇ ಉರಿಯುತ್ತವೆ. ಪುಸ್ತಕ ಎತ್ತಿದ್ದೇ ತಡ, ಬಚ್ಚಲುಮನೆ ದೀಪ ಕೈಕೊಡುತ್ತದೆ. ಹಜಾರದ್ದಲ್ಲ, ಪಡಸಾಲೆಯದ್ದಲ್ಲ; ಬೆರಳೂ ಹೋಗದ, ಚಿಮಟವೂ ಹೋಗದ ಬಚ್ಚಲಿನದ್ದೇ ಆಗಬೇಕು. ದಸರೆಗೆ ಗೊಂಬೆ ಕೂರಿಸಿ, ಮೆಟ್ಟಿಲ ಪಕ್ಕ ಒಂದು ಪಾರ್ಕು, ಒಂದು ಝೂ, ಒಂದು ಪುಟ್ಟ ಮನೆ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಟ್ಟದ ಗೊಂಬೆಗೆ ಸೀರೆ ಉಡಿಸಿಯಾಯಿತು, ಪಾರ್ಕಿನ ರಾಗಿ ಪೈರು ಬೆರಳುದ್ದ ಬಂತು, ಸಂಜೆ ಅರಿಶಿನ ಕುಂಕುಮಕ್ಕೆ ಜನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾರೆ, ಬಚ್ಚಲು ಮಾತ್ರ ಕಗ್ಗತ್ತಲು.

ತಪ್ಪು ಫೆವಿಕಾಲಿನದ್ದಲ್ಲ. ತಂತಿಯನ್ನು ಬಿಗಿಯಾಗಿ ಎಳೆದು ಅಂಟಿಸಿರುತ್ತೇವೆ. ಚಾವಣಿ ಕೂತಾಗ ಅದು ಎಲ್‌ಇಡಿಯ ಕಾಲಿನ ಹತ್ತಿರ ಜಗ್ಗುತ್ತದೆ, ಬೆಸುಗೆ ಬಿಡುತ್ತದೆ. ಆರುವ ಮೊದಲೇ ಅಲುಗಾಡಿದ ಬೆಸುಗೆಯಾದರೆ ಕೇಳುವುದೇ ಬೇಡ. ಅದು ಹೊಳೆಯುವುದಿಲ್ಲ, ಬೂದಿಬಣ್ಣಕ್ಕೆ ಮಂಕಾಗಿರುತ್ತದೆ. ಕಂಡ ತಕ್ಷಣ ಮತ್ತೆ ಕಾಯಿಸಿ. ಸೀಸದ ತಂತಿಯನ್ನು ಕಾಯಿಸುವುದಲ್ಲ, ಕೂಡಿಸುವ ತಂತಿಯನ್ನು ಕಾಯಿಸುವುದು. 25 ವಾಟಿನ ಬೆಸುಗೆ ಐರನ್‌ಗೆ ಎರಡು ಮೂರು ಸೆಕೆಂಡು ಸಾಕು. ಹಳೇ ಮೋಟರಿನಿಂದ ಬಿಚ್ಚಿದ ತಾಮ್ರದ ತಂತಿಯಾದರೆ ಮೇಲಿನ ಅರಗಿನಂಥ ಲೇಪವನ್ನು ಬ್ಲೇಡಿನಲ್ಲಿ ಕೆರೆಯಲೇಬೇಕು. ಕಣ್ಣಿಗೆ ಅದು ಬರೀ ತಾಮ್ರದಂತೆಯೇ ಕಾಣುತ್ತದೆ, ಮೋಸ ಇರುವುದೇ ಅಲ್ಲಿ.

ಹಾಗಾಗಿ ಗೋಡೆಗೆ ಬಣ್ಣದ ಕಾಗದ ಅಂಟಿಸುವ ಮೊದಲೇ ಪೆನ್ಸಿಲ್ ಹಿಡಿದು ಕೂರಬೇಕು. ಪ್ರತಿ ಕೋಣೆಯ ಹಿಂಗೋಡೆಯಲ್ಲಿ, ಸೂರಿನ ಅಂಚಿಗೆ ಒಂದೊಂದು ತೂತು. ತೂತಿನಲ್ಲಿ ಎಳನೀರು ಸ್ಟ್ರಾದ ಒಂದು ತುಂಡು, ಅದರೊಳಗೆ ಎಲ್‌ಇಡಿ. ಹಿಂದೆ ಎರಡಿಂಚು ತಂತಿ ಸಡಿಲ ಬಿಡಿ. ದೀಪ ಹೋದರೆ ಹಿಂದಿನಿಂದ ಎಳೆದುಕೊಂಡು ಬೇರೆಯದು ತುರುಕಬಹುದು, ಚಾವಣಿ ಕೀಳಬೇಕಿಲ್ಲ. ಎಲ್ಲ ಕೋಣೆಯ ಜೋಡಿತಂತಿಗಳೂ ಮನೆಯ ಹಿಂದೆ ಒಂದು ಕನೆಕ್ಟರ್ ಪಟ್ಟಿಗೆ ಬರಲಿ, ಸ್ಕ್ರೂ ಹಾಕುವಂಥದ್ದು. ಪ್ರತಿಯೊಂದಕ್ಕೂ ಚೀಟಿ ಅಂಟಿಸಿ. "ನೆನಪಿರತ್ತೆ ಬಿಡು" ಅಂದವರ್‍ಯಾರಿಗೂ ಮುಂದಿನ ದಸರೆಗೆ ನೆನಪಿರುವುದಿಲ್ಲ.

ಅಳತೆ 1:12 ಇಟ್ಟುಕೊಂಡರೆ ಲೆಕ್ಕ ಸಲೀಸು: ಹತ್ತಡಿ ಎತ್ತರದ ಕೋಣೆ ಹತ್ತಿಂಚಾಗುತ್ತದೆ. 5 ಮಿಲಿಮೀಟರಿನ ಎಲ್‌ಇಡಿಯನ್ನು 12ರಿಂದ ಗುಣಿಸಿದರೆ 60, ನಮ್ಮ ಮನೆಯ ಗುಂಡು ಬಲ್ಬಿನ ದಪ್ಪವೇ. ಬಣ್ಣ ವಾರ್ಮ್ ವೈಟ್ ಇರಲಿ. ಬರೀ ವೈಟ್ ಕೊಟ್ಟರೆ ಪಟ್ಟದ ರಾಜರಾಣಿ ಆಪರೇಷನ್ ಥಿಯೇಟರಿನಲ್ಲಿ ಕೂತಂತೆ ಕಾಣುತ್ತಾರೆ.

ಬಿಳಿ ಎಲ್‌ಇಡಿ ತಿನ್ನುವುದು ಸುಮಾರು 3 ವೋಲ್ಟು, ಗೋಡೆಯ ಪ್ಲಗ್ಗಿಗೆ ಸಿಗಿಸುವ ಅಡಾಪ್ಟರ್ ಕೊಡುವುದು 12. ಉಳಿದ 9 ವೋಲ್ಟನ್ನು ನುಂಗುವುದಕ್ಕೆ ಒಂದು ರೆಸಿಸ್ಟರ್ ಬೇಕು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ "ಒನ್ ಕೆ, ಕ್ವಾರ್ಟರ್ ವಾಟ್" ಅಂದರೆ ಸಾವಿರ ಓಮಿನದ್ದನ್ನು ಕೊಡುತ್ತಾರೆ: ಮೈಮೇಲೆ ಕಂದು, ಕಪ್ಪು, ಕೆಂಪು ಪಟ್ಟಿ. ದೀಪಕ್ಕೆ 9 ಮಿಲಿಆಂಪಿಯರ್ ಸಿಗುತ್ತದೆ, ಗೊಂಬೆಗಳಿಗೆ ಪೇಪರ್ ಓದಲು ಧಾರಾಳ. ಮೂರು ದೀಪ ಸಾಲಾಗಿ ಪೋಣಿಸಿದರೆ 330 ಓಮ್ ಹಾಕಿ. ನಾಲ್ಕನೆಯದನ್ನು ಪೋಣಿಸುವ ಆಸೆ ಬೇಡ, 12 ವೋಲ್ಟೂ ಅಲ್ಲಿಗೇ ಮುಗಿದು ಎಲ್ಲವೂ ಮಂಕಾಗುತ್ತವೆ. ಎಲ್‌ಇಡಿಯ ಉದ್ದ ಕಾಲು ಪ್ಲಸ್. ರೆಸಿಸ್ಟರುಗಳೆಲ್ಲ ಕನೆಕ್ಟರ್ ಪಟ್ಟಿಯ ಹತ್ತಿರ, ಕೈಗೆ ಸಿಗುವಂತೆ ಇರಲಿ.

ಕೈಗೆ ಸಿಗುವಂತೆ ಇಟ್ಟಿದ್ದೇ ಆಮೇಲೆ ಮುಳುವಾಗುತ್ತದೆ. ಏಕೆಂದರೆ ಪ್ರತಿ ಬಳಗದಲ್ಲೂ ಒಬ್ಬ ಟೆಸ್ಟರ್ ಮಾವ ಇರುತ್ತಾರೆ. ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ಟೆಸ್ಟರ್. ಚಕ್ಲಿ ತಿನ್ನುತ್ತ ಒಂದು ಸುತ್ತು ಗೊಂಬೆ ನೋಡುತ್ತಾರೆ, ಬಚ್ಚಲು ಕತ್ತಲಿರುವುದು ಅವರ ಕಣ್ಣಿಗೇ ಮೊದಲು ಬೀಳುತ್ತದೆ. "ಏನೋ ಇದು?" ಎನ್ನುತ್ತ ಮಂಡಿಯೂರುತ್ತಾರೆ. ಚಕ್ಲಿಯ ಎಣ್ಣೆ ಪಂಚೆಗೆ ಒರೆಸಿಕೊಂಡು, ಟೆಸ್ಟರಿನ ತುದಿಯನ್ನು ಪಟ್ಟಿಯ ಸ್ಕ್ರೂಗೆ ತಾಗಿಸಿ, ಹೆಬ್ಬೆರಳನ್ನು ತಲೆಗೆ ಒತ್ತಿ, ಕನ್ನಡಕ ಹಣೆಗೇರಿಸಿ ನೋಡುತ್ತಾರೆ. ಟೆಸ್ಟರ್ ಉರಿಯುವುದಿಲ್ಲ. ಅದರೊಳಗಿನ ನಿಯಾನ್ ದೀಪ ಕಣ್ಣು ಬಿಡಬೇಕಾದರೆ ಕನಿಷ್ಠ 60 ವೋಲ್ಟಾದರೂ ಬೇಕು, ಇಲ್ಲಿರುವುದು 12.

"ಕರೆಂಟೇ ಇಲ್ವಲ್ಲೋ."

"ಮಾವ, ಹಜಾರದಲ್ಲಿ ದೀಪ ಉರೀತಿದೆ ನೋಡಿ."

"ಅದು ಉರೀಲಿ ಕಣೋ. ಟೆಸ್ಟರ್ ಸುಳ್ಳು ಹೇಳತ್ತಾ?"

ಆಮೇಲೆ ಗೋಡೆಯ ಪ್ಲಗ್ಗಿಗೆ ಟೆಸ್ಟರ್ ಹಾಕುತ್ತಾರೆ, ಅಲ್ಲಿ ಜಗ್ಗೆಂದು ಉರಿಯುತ್ತದೆ. "ಇಲ್ಲಿದೆ! ಅಂದ್ರೆ ಮಧ್ಯ ಎಲ್ಲೋ ಸೋರಿ ಹೋಗ್ತಿದೆ." ಮಧ್ಯ ಇರುವುದು ರೆಸಿಸ್ಟರ್. "ಇದ್ಯಾವುದು ಕಡ್ಲೆಬೀಜ, ದಾರಿಗೆ ಅಡ್ಡ?" ಎಂದು ನಾವು ಕಾಫಿ ತರಲು ಹೋದ ಹೊತ್ತಿಗೆ ಅದನ್ನು ಕಿತ್ತು, ನೇರ ತಂತಿ ಕೂಡಿಸಿರುತ್ತಾರೆ. ಅಡುಗೆಮನೆಯ ಎಲ್‌ಇಡಿ ಒಂದು ಕ್ಷಣ ನೀಲಿಗೆ ತಿರುಗಿ ಹೊಳೆದು, ಟಪ್ ಎಂದು, ಸುಟ್ಟ ವಾಸನೆ ಬಿಟ್ಟು ಹೋಗುತ್ತದೆ. ಮಾವ ಮಂಡಿ ಹಿಡಿದು ಎದ್ದು ಘೋಷಿಸುತ್ತಾರೆ: "ಮಾಲು ಸರಿಯಿಲ್ಲ." ಈಗ ಬಚ್ಚಲೂ ಕತ್ತಲು, ಅಡುಗೆಮನೆಯೂ ಕತ್ತಲು, ಚಕ್ಲಿ ತಟ್ಟೆಯೂ ಖಾಲಿ.

ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿ ಕ್ವೀನ್ ಮೇರಿಯ ಗೊಂಬೆಮನೆ ಇದೆ. 1924ರಲ್ಲಿ ಮುಗಿದದ್ದು, ಇದೇ 1:12ರ ಅಳತೆ, ನವದೆಹಲಿಯ ನಕ್ಷೆ ಬರೆದ ಲುಟಿಯನ್ಸ್‌ನದೇ ವಿನ್ಯಾಸ. ಒಳಗೆ ಕರೆಂಟು ದೀಪ, ನಲ್ಲಿಯಲ್ಲಿ ನೀರು, ಏರಿಳಿಯುವ ಲಿಫ್ಟು. ಅದು ಇವತ್ತಿಗೂ ನೆಟ್ಟಗಿದೆ ಎಂದರೆ ಕಾರಣ ಸ್ಪಷ್ಟ: ಅಲ್ಲಿ ಮಾವನನ್ನು ಗಾಜಿನ ಆಚೆ ನಿಲ್ಲಿಸುತ್ತಾರೆ.

ಮಾವನ ಇನ್ನೊಂದು ಸಲಹೆ, "ಸೀರಿಯಲ್ ಸೆಟ್ಟಿಂದ ಹತ್ತು ಬಲ್ಬು ಕತ್ತರಿಸಿ ಹಾಕು." ಇದಕ್ಕೆ ನಗಬೇಡಿ, ಖಂಡಿತ ಬೇಡ ಎನ್ನಿ. ಆ ಸರ ನಡೆಯುವುದು ನೇರ 230 ವೋಲ್ಟಿನಲ್ಲಿ. ಬಲ್ಬು ಕಡಿಮೆಯಾದಷ್ಟೂ ಉಳಿದವುಗಳ ಪಾಲು ಹೆಚ್ಚುತ್ತದೆ, ಮಕ್ಕಳು ಮುಟ್ಟುವುದೂ ಅದೇ ಮನೆಯನ್ನೇ. ಪವರ್ ಬ್ಯಾಂಕ್ ಹಾಕಿದರೆ ಶಾಕ್ ಭಯವಿಲ್ಲ, ಆದರೆ ಈ ದೀಪಗಳೆಲ್ಲ ಸೇರಿ ಎಳೆಯುವ ಚೂರು ಕರೆಂಟು ಬಹಳಷ್ಟು ಪವರ್ ಬ್ಯಾಂಕುಗಳಿಗೆ ಲೆಕ್ಕಕ್ಕೇ ಇಲ್ಲ. ಯಾರೂ ಇಲ್ಲ ಅಂದುಕೊಂಡು ಸ್ವಲ್ಪ ಹೊತ್ತಿಗೆ ಮಲಗಿಬಿಡುತ್ತವೆ, ಗೊಂಬೆಗಳಿಗೂ ಲೋಡ್‌ಶೆಡ್ಡಿಂಗ್.

ಹಿಂದೆ ಈ ತಾಪತ್ರಯವೇ ಇರಲಿಲ್ಲ. ರಟ್ಟಿನ ಡಬ್ಬಿಯ ಮನೆ, ಒಂದು ಟಾರ್ಚ್ ಬಲ್ಬು, ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ ಎರಡು ಸೆಲ್ಲು. ಸೆಲ್ಲು ಸೋತರೆ ಬಿಸಿಲಿಗಿಟ್ಟು ಇನ್ನೊಂದು ಸಂಜೆ ಓಡಿಸುವುದು. ಬೆಳಕು ಒಮ್ಮೆಲೇ ಹೋಗುತ್ತಿರಲಿಲ್ಲ. ಹಳದಿಯಿಂದ ಕೆಂಪಿಗೆ ಇಳಿಯುತ್ತ, ಊಟಕ್ಕೆ ಕರೆಯುವ ಹೊತ್ತಿಗೆ ಬಲ್ಬಿನ ತಂತಿ ಮಾತ್ರ ಕಾಣುತ್ತಿತ್ತು. ಎಲ್‌ಇಡಿಗೆ ಆ ನಿಧಾನ ಬರುವುದಿಲ್ಲ.

ಇಷ್ಟೆಲ್ಲ ಮಾಡಿ, ಏಳೂ ಕೋಣೆ ಬೆಳಗಿಸಿ ನಿಂತರೆ ಬಂದವರು ಕೇಳುವ ಪ್ರಶ್ನೆ ಒಂದೇ: "ಮಿಣಮಿಣ ಅನ್ನಲ್ವಾ?" ವಾದ ಮಾಡಬೇಡಿ. ತಾನೇ ಬಣ್ಣ ಬದಲಿಸುವ ಎಲ್‌ಇಡಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಮನೆಯ ಸಾಲಿಗೆ ಪೋಣಿಸಿದರೆ ಪಕ್ಕದ ದೀಪಗಳೂ ಕುಣಿಯುತ್ತವೆ, ಆದ್ದರಿಂದ 3 ವೋಲ್ಟಿನ ಬಿಲ್ಲೆ ಸೆಲ್ಲು ಕೊಟ್ಟು ಬೇರೆಯಾಗಿ ತುಳಸಿಕಟ್ಟೆಯ ಹಿಂದೆ ಸಿಗಿಸಿ. ಟೆಸ್ಟರ್ ಮಾವ ಅರ್ಧ ಗಂಟೆ ಅಲ್ಲೇ ಕೂರುತ್ತಾರೆ, ಅಷ್ಟರಲ್ಲಿ ಬಚ್ಚಲಿನ ಸ್ಟ್ರಾ ಎಳೆದು ದೀಪ ಬದಲಾಯಿಸಿಕೊಳ್ಳಬಹುದು.